ಇಪ್ಪತ್ತೊಂದು ದಿನದ ಎಣ್ಣೆ

ಕಲ್ಲಮರಡಿಯ ಊರ ಹೊರಗೆ ದನಕರುಗಳು ನೀರು ಕುಡಿಯುವ ಬಾವಿ. ಅದರ ಪಕ್ಕದ ಹುಲ್ಲಿನ ಗುಡಿಸಲಲ್ಲಿ ಪೂಜ್ಯ ಅಡವಯ್ಯ ಅಜ್ಜನವರು ಹದಿನೆಂಟು ವರ್ಷ ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಊರವರು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಮೈಮೇಲೆ ಒಂದು ಕರಿಯ ಕಂಬಳಿ. ಹೊತ್ತೇರುವವರೆಗೆ ಬಾವಿಯಿಂದ ನೀರು ಸೇದಿ ಕಲ್ಲಿನ ದೋಣಿ ತುಂಬಿಸುವುದೇ ಅವರ ಪೂಜೆ. ಮಾತು ಕಡಿಮೆ, ಆಡಿದರೆ ಎದೆಗೆ ನಾಟುವಂತೆ ಆಡುತ್ತಿದ್ದರು.

ಆ ಊರಿನ ಗರಡಿಯಲ್ಲಿ ಭರಮಪ್ಪನೆಂಬ ಪೈಲ್ವಾನನಿದ್ದ. ಹತ್ತು ವರ್ಷ ಸುತ್ತಲಿನ ಸೀಮೆಯಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರಿಲ್ಲ. ಅದೇ ಗರಡಿಗೆ ಕುರುಬರ ರಾಚಪ್ಪ ಬಂದು ಸೇರಿದ. ಭರಮಪ್ಪನಿಗಿಂತ ಆರು ವರ್ಷ ಚಿಕ್ಕವನು, "ಅಣ್ಣಾ ಅಣ್ಣಾ" ಎಂದು ಹಿಂದೆ ಹಿಂದೆ ತಿರುಗಿ ಅವನಿಂದಲೇ ನಾಲ್ಕು ಪಟ್ಟು ಕಲಿತವನು. ಹೋದ ಶ್ರಾವಣದ ಕುಸ್ತಿಯಲ್ಲಿ ಅವನೇ ಭರಮಪ್ಪನನ್ನು ಚಿತ್ತು ಮಾಡಿ ಬೆಳ್ಳಿಯ ಕಡಗ ತೊಟ್ಟ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕೆಮ್ಮಣ್ಣು ಮೆತ್ತಿದ ಮೈಯಲ್ಲಿ ಕೂತಿದ್ದ ಭರಮಪ್ಪನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಅಂದಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತದಾಯಿತು. ಹಾಲು, ಬಾದಾಮಿ, ತುಪ್ಪ ಯಾವುದೂ ದಕ್ಕಲಿಲ್ಲ. ಕಣ್ಣು ಮುಚ್ಚಿದರೆ ಕಡಗ ಕಾಣುತ್ತಿತ್ತು. ಯಾರಾದರೂ "ರಾಚಪ್ಪ" ಎಂದರೆ ಸಾಕು, ಎದೆ ಹಿಡಿದಂತಾಗಿ ಉಸಿರು ಗಿಡ್ಡವಾಗುತ್ತಿತ್ತು. ಹೆಂಡತಿ ಗಂಗವ್ವ ಬಡಿಸಿದ ತಾಟನ್ನು ಎರಡು ಸಲ ಎತ್ತಿ ಒಗೆದ. ಒಂದು ದಿನ ಏನೂ ತಪ್ಪಿಲ್ಲದ ಮಗಳಿಗೆ ಹೊಡೆದುಬಿಟ್ಟ. ನಾಡಿ ನೋಡಿದ ವೈದ್ಯರು, "ರೋಗ ಏನೂ ಇಲ್ಲ" ಎಂದರು. ಆನೆಯಂಥ ದೇಹ ವರ್ಷ ತುಂಬುವುದರೊಳಗೆ ಸೊರಗಿ ಹೋಯಿತು.

ಗಂಗವ್ವ ಹಟಹಿಡಿದು ಅವನನ್ನು ಬಾವಿಯ ಬಳಿಗೆ ಕರೆತಂದಳು. "ವೈದ್ಯರ ಕೈಲೆ ಆಗದ್ದು ನೀರು ಸೇದೋ ಮುದುಕನ ಕೈಲೆ ಏನ್ ಆದೀತು?" ಎಂದು ಗೊಣಗುತ್ತಲೇ ಬಂದ. ಅಜ್ಜನವರು ಹಗ್ಗ ಬಿಡಲಿಲ್ಲ.

"ಏನಾಗೇತಪಾ?"

"ಹೊಟ್ಟ್ಯಾಗ ಕಿಚ್ಚು ಹಚ್ಚಿದಂಗ ಆಗತೈತ್ರಿ, ಅಜ್ಜಾರ."

ಅಜ್ಜನವರು ಕೊಡವನ್ನು ದೋಣಿಗೆ ಸುರುವಿ ಅವನ ಮುಖ ನೋಡಿದರು. "ಯಾರ ಮ್ಯಾಲ?"

ಭರಮಪ್ಪನ ಕುತ್ತಿಗೆ ಬಾಗಿತು. ರಾಚಪ್ಪನ ಹೆಸರು ಬಾಯಿಂದ ಬಂತು.

"ಇಪ್ಪತ್ತೊಂದು ದಿನ ಅವನ ಮೈಗೆ ನಿನ್ನ ಕೈಲೆ ಎಣ್ಣಿ ತಿಕ್ಕು. ಅದ ಮದ್ದು," ಎಂದು ಅಪ್ಪಣೆ ಕೊಡಿಸಿ ಅಜ್ಜನವರು ಮತ್ತೆ ಕೊಡ ಬಾವಿಗೆ ಬಿಟ್ಟರು.

ಭರಮಪ್ಪ ಹಲ್ಲು ಕಡಿಯುತ್ತ ಮನೆಗೆ ಬಂದ. ಆದರೆ ಉರಿ ತಾಳಲಾರದೆ ಮೂರನೆಯ ದಿನ ಎಣ್ಣೆಯ ಬಟ್ಟಲು ಹಿಡಿದು ಗರಡಿಗೆ ಹೋದ. ರಾಚಪ್ಪ ನಾಚಿಕೊಂಡ. "ನೀ ಹಿರ್ಯಾವ. ನೀ ನನಗ ತಿಕ್ಕೂದಂದ್ರ ಹೆಂಗಣ್ಣಾ?" ಎಂದ. ಭರಮಪ್ಪ ಬಟ್ಟಲಿಗೆ ಕೈಯದ್ದಿ ತಿಕ್ಕಿದ. ಆ ತಿಕ್ಕುವಿಕೆಯಲ್ಲಿ ಕರುಣೆಯಿರಲಿಲ್ಲ. ಹೆಬ್ಬೆರಳು ಮಾಂಸದೊಳಗೆ ಇಳಿಯುತ್ತಿತ್ತು. ರಾಚಪ್ಪ ಅದನ್ನೂ ಪ್ರೀತಿಯೆಂದೇ ತಿಳಿದ.

ಒಂಬತ್ತನೆಯ ದಿನ ಎಡ ಮೊಣಕಾಲಿಗೆ ಕೈ ತಾಗಿದಾಗ ರಾಚಪ್ಪ ಚೀರಿದ. ಕೀಲಿನ ಹಿಂದೆ ಬಾವು ಬಂದಿತ್ತು.

"ಅಣ್ಣಾ, ಯಾರ ಮುಂದೂ ಹೇಳಬ್ಯಾಡ. ಗರಡಿ ಕಲಸೂ ವಸ್ತಾದರಿಗೆ ಗೊತ್ತಾದ್ರ ನನ್ನ ಕಣಕ್ಕ ಇಳಸೂದಿಲ್ಲ. ನಿನ್ನ ಮುಂದಷ್ಟ ಹೇಳೇನಿ."

ಶ್ರಾವಣದ ಕುಸ್ತಿಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. ಆ ಕಾಲಿಗೆ ಒಂದು ಪಟ್ಟು ಹಾಕಿದರೆ ಸಾಕು, ರಾಚಪ್ಪ ಮತ್ತೆ ಗರಡಿಯ ಹೊಸ್ತಿಲು ತುಳಿಯಲಾರ. ಆ ಸಂಜೆ ಭರಮಪ್ಪ ವರ್ಷದ ಮೇಲೆ ಹೊಟ್ಟೆ ತುಂಬ ಉಂಡ. ಉಂಡು ಕೈತೊಳೆದು ಮಗಳನ್ನು ಹತ್ತಿರ ಕರೆದ. ಅವನ ಮುಖದ ನಗೆಯನ್ನು ಕಂಡು ಆ ಮಗು ಅಂಜಿ ತಾಯಿಯ ಹಿಂದೆ ಸರಿಯಿತು. ಅವನು ಎದ್ದು ಹಿತ್ತಲಿಗೆ ಓಡಿದ. ಉಂಡದ್ದೆಲ್ಲ ಹೊರಬಂತು.

ಬೆಳಗಾಗುತ್ತಲೇ ಬಾವಿಗೆ ಓಡಿದ. "ಅಜ್ಜಾರ, ಒಬ್ಬಾಂವ ಕುಂಟ ಆಗ್ತಾನಂತ ನನಗ ಹಸಿವು ಆತ್ರಿ. ನಾ ಎಂಥಾ ಮನಷ್ಯಾ ಆಗೇನ್ರಿ!" ಎಂದು ಪಾದ ಹಿಡಿದು ಅತ್ತ.

ಅಜ್ಜನವರು ಬೈಯಲಿಲ್ಲ, ಸಂತೈಸಲೂ ಇಲ್ಲ. ಅವನ ತಲೆಯ ಮೇಲೆ ಒದ್ದೆ ಕೈಯಿಟ್ಟು, "ಇನ್ನ ಹನ್ನೆರಡು ದಿನ ಉಳದಾವಲ್ಲೋ, ತಮ್ಮಾ," ಎಂದರು.

ಅಂದು ಭರಮಪ್ಪ ಹರಳೆಣ್ಣೆ ಬಿಸಿಮಾಡಿ, ಎಕ್ಕದ ಎಲೆ ಕಾಸಿ, ಆ ಮೊಣಕಾಲಿಗೆ ಶಾಖ ಕೊಟ್ಟು ಕಟ್ಟಿದ. ಮರುದಿನವೂ ಕಟ್ಟಿದ. ಹದಿನೈದನೆಯ ದಿನವಿರಬೇಕು, ರಾಚಪ್ಪ ಅವನ ಕೈಕೆಳಗೇ ಕೂಸಿನಂತೆ ನಿದ್ದೆಹೋದ. ಬಾಯಿ ತುಸು ತೆರೆದಿತ್ತು. ಇವನ ಮೇಲೆಯೇ ವರ್ಷವಿಡೀ ಉರಿದೆನೇ ಎಂದು ಭರಮಪ್ಪನಿಗೆ ಅಚ್ಚರಿಯಾಯಿತು. ಅಂದು ಮನೆಯಲ್ಲಿ ಮೂರನೆಯ ರೊಟ್ಟಿ ಕೇಳಿದ. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಡಿಸಿದಳು.

ಶ್ರಾವಣದ ಕಡೆಯ ಸೋಮವಾರ ಇಬ್ಬರೂ ಕಣದಲ್ಲಿ ಎದುರಾದರು. ಸರಿಸಮ ಹೋರಾಟ. ಒಮ್ಮೆ ರಾಚಪ್ಪನ ಎಡಗಾಲು ಪೂರಾ ಭರಮಪ್ಪನ ಹಿಡಿತಕ್ಕೆ ಸಿಕ್ಕಿತು. ಒಂದು ತಿರುವು ಸಾಕಿತ್ತು. ಭರಮಪ್ಪ ಕೈ ಸಡಿಲಿಸಿ ಸೊಂಟಕ್ಕೆ ಕೈಹಾಕಿದ. ಆ ಕ್ಷಣದಲ್ಲೇ ರಾಚಪ್ಪ ಅವನನ್ನು ಎತ್ತಿ ಕೆಡವಿದ.

ಗೆದ್ದವನೇ ಅಳುತ್ತ ಕೇಳಿದ: "ಕಾಲು ಯಾಕ ಬಿಟ್ಟಿ, ಅಣ್ಣಾ?"

"ನಾ ತಿಕ್ಕಿದ ಕಾಲು ನಾನ ಹೆಂಗ ಮುರೀಲೋ?"

ಹೀಗೆಂದು ಅವನನ್ನು ತನ್ನ ಹೆಗಲಿಗೇರಿಸಿಕೊಂಡು ಭರಮಪ್ಪ ಕಣವನ್ನು ಮೂರು ಸುತ್ತು ಹಾಕಿದ.

ಶ್ರೀ ಅಜ್ಜನವರ ಕೃಪೆಯಿಂದ ಭರಮಪ್ಪನವರು ಎಂಬತ್ತು ದಾಟಿ ಬದುಕಿದರು. ತಮ್ಮೆದುರಿಗೆ ಯಾರಾದರೂ ಮತ್ತೊಬ್ಬ ಪೈಲ್ವಾನನನ್ನು ಹೊಗಳಿದರೆ ಆ ಹಿರಿಯರು ಊರುಗೋಲು ಹುಡುಕುತ್ತ ಎದ್ದು ನಿಂತು, "ಎಲ್ಲಿ ಅದಾನ ಅಂವಾ? ನಡೀರಿ, ನೋಡಿ ಬರೂಣು," ಎನ್ನುತ್ತಿದ್ದರು.