ಬೆರಳು ತೂರದ ಚಕ್ರ

"ಕೇಳಿರಪ್ಪೋ ಹಂಸಗಿರಿಯ ಜನರೇ! ದೊರೆಗಳು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಯಿತು ಅಂತಲೇ ತಿಳಿಯಿರಿ. ಅಮಾವಾಸ್ಯೆಗೆ ಗಡುವು!"

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಸಣ್ಣೀರ ಅರಮನೆಯ ಮೋಟಾರು ಶೆಡ್ಡಿನಲ್ಲಿ ಕಾರು ತೊಳೆಯುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು. ಅಮಾವಾಸ್ಯೆ ಅವನ ಅಣ್ಣ ಮುದ್ದಯ್ಯನನ್ನು ಗಲ್ಲಿಗೆ ಹಾಕುವ ದಿನ.

ಅಯ್ಯೋ, ಎಂಥ ಅಣ್ಣ ಅಂತೀರಿ! ದೊರೆಯ ಒಬ್ಬಳೇ ಮಗಳು ಪುಟ್ಟಮ್ಮಣ್ಣಿಯನ್ನು ಎಳೆಗೂಸಿನಿಂದ ಕಾರಿನಲ್ಲಿ ತಿರುಗಾಡಿಸಿದ ಡ್ರೈವರು ಅವನು. ಹೋದ ತಿಂಗಳು ಘಾಟಿಯ ತಿರುವಿನಲ್ಲಿ ಕಾರಿನ ಮುಂಚಕ್ರ ಕಳಚಿಕೊಂಡಿತು. ಹುಡುಗಿ ಹೋಗಿಬಿಟ್ಟಳು, ಮುದ್ದಯ್ಯ ಉಳಿದ. ಉಳಿದದ್ದೇ ತಪ್ಪಾಯಿತು ನೋಡಿ. ನೀನೇ ಕೊಂದೆ ಅಂದರು, ಸೆರೆಗೆ ತಳ್ಳಿದರು. ಅವನು ತುಟಿಪಿಟಕ್ ಅನ್ನಲಿಲ್ಲ.

ಸಣ್ಣೀರ ಸೆರೆಮನೆಗೆ ಓಡಿದ. "ಆ ಹೊಸ ಚಕ್ರ ಬೇಡ ಅಂತ ದೊರೆಗೆ ಹೇಳಿದ್ದೆಯಲ್ಲೋ ಅಣ್ಣ. ಅದನ್ನಾದರೂ ಬಾಯಿಬಿಟ್ಟು ಹೇಳು."

"ಮಗಳನ್ನ ಮಣ್ಣು ಮಾಡಿ ಬಂದವರ ಎದುರು ನಿಂತು ಅದನ್ನ ಹೇಳ್ಲಾ?" ಅಂದ ಮುದ್ದಯ್ಯ. "ನೀನೂ ಹೇಳಕೂಡದು. ನನ್ನಾಣೆ."

ಒಗಟಿನ ದಿನ ಆಸ್ಥಾನ ಕಿಕ್ಕಿರಿದಿತ್ತು. ದೊರೆ ಸೊರಗಿ ಕಡ್ಡಿಯಾಗಿದ್ದರು.

"ಅದೇ ಎತ್ತರ, ಅದೇ ಐದು ತೂತು, ಕೂರಿಸಿದರೆ ಕೂರುತ್ತದೆ. ಆದರೂ ಆ ಜಾಗದ್ದಲ್ಲ. ಏನದು?" ಅಂತ ಕೇಳಿದರು.

ಆಸ್ಥಾನದ ಪಂಡಿತರು ಗಂಟಲು ಸರಿಮಾಡಿಕೊಂಡು "ಕೊಳಲು" ಅಂದರು. ಭಟರು ಅವರನ್ನು ಎಳೆದುಕೊಂಡು ಹೋದರು. ಪಕ್ಕದ ಸೀಮೆಯ ಪಾಳೇಗಾರ ಹೇಗೋ ಊಹಿಸಿ "ಚಕ್ರ" ಅಂದ. ಎರಡನೆಯದು ಬಂತು: "ಒಳಗೆ ಸರಿದರೆ ಉಜ್ಜುತ್ತದೆ, ಹೊರಗೆ ಸರಿದರೆ ಮುರಿಯುತ್ತದೆ. ಏನದು?" ಪಾಳೇಗಾರ ಮೀಸೆ ತಿರುವಿ "ಹೆಂಡತಿ!" ಅಂತ ನಕ್ಕ. ಅವನನ್ನು ಬಿಟ್ಟು ಬೇರೆ ಯಾರೂ ನಗಲಿಲ್ಲ. ಅವನನ್ನೂ ಎಳೆದೊಯ್ದರು.

ಸಣ್ಣೀರನಿಗೆ ಥಟ್ಟನೆ ಹೊಳೆಯಿತು. ಇವು ಒಗಟಲ್ಲ, ಅಣ್ಣನ ಮಾತುಗಳು. ಹೊಸ ಚಕ್ರ ಬಂದ ದಿನ ಶೆಡ್ಡಿನಲ್ಲಿ ಅಣ್ಣ ದೊರೆಗೆ ಅಂದದ್ದು ಇದನ್ನೇ.

ಕೈಮುಗಿದು ಮುಂದೆ ಬಂದ. "ಅಮ್ಮಣ್ಣಿಯವರ ಕಾರಿನ ಹೊಸ ಚಕ್ರ, ಬುದ್ಧಿ. ಎತ್ತರ ಒಂದೇ, ತೂತೂ ಒಂದೇ. ಆದರೆ ಚಕ್ರದ ಅಗಲದ ನಟ್ಟನಡುವಿನಿಂದ ಬೋಲ್ಟು ಕೂರುವ ಮುಖ ಎಷ್ಟು ಆಚೆಗೆ, ಎಷ್ಟು ಈಚೆಗೆ ಅನ್ನೋದು ಬೇರೆ. ಅದಕ್ಕೆ ಆಫ್‌ಸೆಟ್ ಅಂತೀವಿ. ಎರಡನೇ ಒಗಟಿಗೂ ಅದೇ ಉತ್ತರ. ಅದು ತಪ್ಪಿ ಚಕ್ರ ಒಳಗೆ ಸರಿದರೆ ಟೈರು ಉಜ್ಜುತ್ತೆ. ಚಕ್ರದ ಹಿಂದೆ ಲೋಹದ ತಟ್ಟೆ ಇಟ್ಟು ಹೊರಗೆ ತಳ್ಳಿದರೆ ಬೇರಿಂಗಿಗೆ ಭಾರ, ಬೋಲ್ಟಿನ ಉದ್ದ ಸಾಲದೆ ನಟ್ಟು ಎರಡೇ ಸುತ್ತು ಹಿಡಿಯುತ್ತೆ, ಕೊನೆಗೆ ಮುರಿದು ಚಕ್ರವೇ ಕಳಚಿಕೊಳ್ಳುತ್ತೆ."

ದೊರೆ ಸಣ್ಣ ದನಿಯಲ್ಲಿ ಮೂರನೆಯದನ್ನು ಕೇಳಿದರು: "ನನ್ನ ಮಗಳನ್ನು ಕೊಂದವರು ಯಾರು?"

ದಿವಾನರು ಸಣ್ಣೀರನ ಕಿವಿಗೆ ಬಗ್ಗಿ ಪಿಸುಗುಟ್ಟಿದರು. "ನಿಮ್ಮಣ್ಣ ಅನ್ನೋ. ನಿನ್ನ ತಲೆಯಾದರೂ ಉಳಿಯುತ್ತೆ."

ಸಣ್ಣೀರನಿಗೆ ಅಳು ಬಂತು. "ಶೆಡ್ಡಿಗೆ ಬನ್ನಿ ಬುದ್ಧಿ" ಅಂದ.

ಮುರಿದ ಕಾರು ಅಲ್ಲೇ ನಿಂತಿತ್ತು. ಉಳಿದಿದ್ದ ಇನ್ನೊಂದು ಮುಂಚಕ್ರವನ್ನು ಸಣ್ಣೀರ ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದ. "ಕಾರು ಆಚೆ ತೆಗೆಯುವ ಮುಂಚೆ ಹೀಗೆ ತಿರುಗಿಸಿ, ಟೈರಿಗೂ ಮಡ್ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡೋದು ನಮ್ಮಣ್ಣನ ಪದ್ಧತಿ. ತಟ್ಟೆ ಹೊರಗೆ ತಳ್ಳಿದ ಈ ಚಕ್ರಕ್ಕೆ ಬೆರಳು ತೂರುತ್ತಾ, ನೀವೇ ನೋಡಿ ಬುದ್ಧಿ."

ದೊರೆ ಬೆರಳು ಚಾಚಿದರು. ತೂರಲಿಲ್ಲ.

"ಅಮ್ಮಣ್ಣಿಯವರು ಕೇಳಿದರು ಅಂತ ಅವರ ಹುಟ್ಟುಹಬ್ಬಕ್ಕೆ ಈ ಚಕ್ರ ತರಿಸಿದ್ದು ನೀವು. ಉಜ್ಜಿದಾಗ ಬೇರೆ ಮಿಸ್ತ್ರಿಯನ್ನ ಕರೆಸಿ ತಟ್ಟೆ ಇಡಿಸಿದ್ದೂ ನೀವು. ಬೇಡ ಅಂದವನಿಗೆ, ಹೊಸದು ಕಂಡರೆ ನಿನಗಾಗಲ್ಲ ಕಣೋ ಅಂತ ನಕ್ಕು ಕಾರು ಹೊರಡಿಸಿದವರೂ ನೀವೇ." ಸಣ್ಣೀರ ನೆಲಕ್ಕೆ ಕುಸಿದ. "ತಲೆ ತೆಗೀರಿ ಬುದ್ಧಿ. ಆದರೆ ನಮ್ಮಣ್ಣನ್ನ ಬಿಟ್ಟುಬಿಡಿ."

"ಉತ್ತರ ನನಗೂ ಗೊತ್ತಿತ್ತಪ್ಪ" ಅಂದರು ದೊರೆ. "ಬಾಯಿಗೆ ಬರಲಿಲ್ಲ, ಇನ್ನೊಬ್ಬರು ಹೇಳಲಿ ಅಂತ ಒಗಟು ಹಾಕಿದೆ. ಮುದ್ದಯ್ಯನ ಮುಖ ನೋಡುವ ಧೈರ್ಯವೂ ಬರಲಿಲ್ಲ."

ಪಂಡಿತರನ್ನೂ ಪಾಳೇಗಾರನನ್ನೂ ಬಿಟ್ಟು ಕಳಿಸಿದರು. ಮುದ್ದಯ್ಯ ಸೆರೆಯಿಂದ ಹೊರಗೆ ಬಂದವನೇ ತಮ್ಮನ ಮುಖ ನೋಡಿದ.

"ಹೇಳಿಬಿಟ್ಟೆಯಾ?"

"ಹೂಂ ಅಣ್ಣ."

ಮುದ್ದಯ್ಯ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತ. ಆಮೇಲೆ ಎದ್ದು ನೆಟ್ಟಗೆ ಶೆಡ್ಡಿಗೆ ನಡೆದ. ದೊರೆ ಇನ್ನೂ ಕಾರಿನ ಪಕ್ಕದಲ್ಲಿ ನೆಲದ ಮೇಲೇ ಕೂತಿದ್ದರು.

"ಮುದ್ದಯ್ಯ, ಹಳೇ ಚಕ್ರಗಳು ಎಲ್ಲಿವೆಯೋ?"

"ಎತ್ತಿಟ್ಟಿದ್ದೀನಿ ಬುದ್ಧಿ. ಅಮ್ಮಣ್ಣಿಯವರ ಮನಸ್ಸು ಬದಲಾದೀತು ಅಂತ."

ಅಣ್ಣತಮ್ಮಂದಿರು ಸೇರಿ ಆ ಚಕ್ರ ಬಿಚ್ಚಿ ಹಳೇದನ್ನು ಹಾಕಿದರು, ತಿರುಗಿಸಿ ಹಿಡಿದರು. ದೊರೆ ಬೆರಳು ಚಾಚಿದರು. ಬೆರಳು ಸಲೀಸಾಗಿ ತೂರಿತು. ಎಷ್ಟು ಹೊತ್ತಾದರೂ ಅವರು ಅದನ್ನು ಆಚೆ ತೆಗೆಯಲಿಲ್ಲ.