ನೆಲ್ಲಿಬಯಲಿನ ಕೂಗು

ಒಂದು ಕಾಡಿನಲ್ಲಿ ಎರಡು ಗುಡ್ಡಗಳಿದ್ದವು. ಮೂಡಣ ಗುಡ್ಡಕ್ಕೆ ಪಟ್ಟೆರಾಯನೆಂಬ ಹುಲಿ ಒಡೆಯ. ಪಡುವಣ ಗುಡ್ಡ ಕೆಂಚನೆಂಬ ಸೀಳುನಾಯಿಯದು, ಅವನ ದಂಡಿನದು. ನಡುವೆ ಇದ್ದದ್ದು ನೆಲ್ಲಿಬಯಲು. ಅದರ ಮೇಲೆ ಇಬ್ಬರಿಗೂ ಕಣ್ಣು.

ಆ ಬಯಲಿನಲ್ಲಿ ಹೊನ್ನಿ ಎಂಬ ಜಿಂಕೆ ತನ್ನ ಮಗ ಚಿಟ್ಟುವಿನೊಂದಿಗೆ, ಹಿಂಡಿನೊಂದಿಗೆ ಇದ್ದಳು. ನೆಲ್ಲಿಮರದ ಮೇಲೆ ಕರಿಮೂತಿ ಮಾವ ಎಂಬ ಮುದಿ ಮುಸುವ ಕೋತಿ, ಅವನ ಬಳಗ. ಅಜ್ಜಂದಿರ ಕಾಲದಿಂದ ಅವರದೊಂದು ಒಪ್ಪಂದ. ಮುಸುವಗಳು ಮೇಲಿನಿಂದ ನೋಡಬೇಕು, ಜಿಂಕೆಗಳು ಕೆಳಗಿನಿಂದ ಮೂಸಬೇಕು. ಯಾರಿಗೆ ಅಪಾಯ ಗೊತ್ತಾದರೂ ಕೂಗಬೇಕು. ಮಾವ ಅರ್ಧ ಕಚ್ಚಿ ಬಿಸಾಡಿದ ನೆಲ್ಲಿಕಾಯಿ ಚಿಟ್ಟುವಿಗೆ. ಆ ತುಂಟ ಮುದುಕ ಬೇಕಂತಲೇ ಅವನ ತಲೆಗೆ ಗುರಿಯಿಟ್ಟು ಎಸೆಯುತ್ತಿದ್ದ!

ಈ ಕೂಗಿನ ದೆಸೆಯಿಂದ ಪಟ್ಟೆರಾಯನಿಗೂ ಕೆಂಚನಿಗೂ ಬಯಲಿನಲ್ಲಿ ಬೇಟೆ ಸಿಗುತ್ತಿರಲಿಲ್ಲ.

ಒಂದು ದಿನ ಪಟ್ಟೆರಾಯ ದೂರದಿಂದಲೇ ಮಾತಾಡಿಸಿದ. “ಹೊನ್ನಮ್ಮಾ, ನನ್ನ ಗುಡ್ಡದಲ್ಲಿ ಉಪ್ಪುಮಣ್ಣಿದೆ, ಬಂದು ನೆಕ್ಕಿ. ಆ ನಾಯಿಗಳಿಂದ ನಿಮ್ಮನ್ನು ನಾನು ಕಾಯ್ತೀನಿ. ನನ್ನನ್ನು ಕಂಡಾಗ ಮಾತ್ರ ಕೂಗಬೇಡಿ. ದೊಡ್ಡವನು ನಾನು, ಮುಜುಗರ ಆಗುತ್ತೆ.”

ಉಪ್ಪೆಂದರೆ ಜಿಂಕೆಗಳಿಗೆ ಪ್ರಾಣ. ಹೊನ್ನಿ ಹೂಂ ಅಂದುಬಿಟ್ಟಳು.

ಕೆಂಚ ಸುಮ್ಮನಿರುತ್ತಾನೆಯೇ? ಮರದ ಕೆಳಗೆ ಬಂದು ಹಲ್ಲು ಕಿರಿದ. “ಮಾವಾ, ನಮ್ಮ ಗುಡ್ಡದ ಅತ್ತಿಮರ ಇನ್ನು ನಿಮ್ಮದೇ. ಹುಲಿ ಕಂಡರೆ ಕೂಗಿ. ನಮ್ಮ ಹುಡುಗರು ಹಾದುಹೋದರೆ ಸುಮ್ಮನಿರಿ, ಅಷ್ಟೇ.” ಮಾವನ ಬಾಯಲ್ಲಿ ನೀರೂರಿತು, ಅವನೂ ಹೂಂ ಅಂದುಬಿಟ್ಟ.

ಆಮೇಲೆ ಶುರುವಾಯಿತು ಜಗಳ.

“ನೀವು ಈಗ ಹುಲಿ ಕಡೆಯವರಂತೆ?” ಎಂದ ಮಾವ.

“ನೀವು ನಾಯಿ ಕಡೆಯವರಲ್ಲವೋ?” ಎಂದಳು ಹೊನ್ನಿ.

ಅಂದಿನಿಂದ ನೆಲ್ಲಿಕಾಯಿ ಬೀಳುವುದು ನಿಂತಿತು. ಪಾಪ, ಚಿಟ್ಟು ಮರದಡಿ ನಿಂತು ಮೇಲಕ್ಕೇ ನೋಡುತ್ತಿದ್ದ. ಹೊನ್ನಿ ಅದನ್ನು ದಿನವೂ ಕಾಣುತ್ತಿದ್ದಳು. ಆದರೂ ಬಿಗುಮಾನ ಬಿಡಲಿಲ್ಲ.

ಒಂದು ಬೆಳಿಗ್ಗೆ ಹಿಂಡು ಮೇಯುತ್ತಿತ್ತು. ಇದ್ದಕ್ಕಿದ್ದಂತೆ ನೆಲ್ಲಿಮರದಿಂದ “ಖಕ್! ಖಕ್!” ಎಂಬ ಕೂಗು ಕೇಳಿತು.

“ಹೊನ್ನೀ, ನಾಯಿಗಳು ಬಂದವು! ಮಗೂನ ಕರಕೊಂಡು ಓಡೇ!”

ಮಾವನೇ ಕೂಗಿದ್ದ! ಜಿಂಕೆಗಳು ಮೂಡಣ ಗುಡ್ಡದ ಕಡೆ ಓಡಿದವು. ಪಟ್ಟೆರಾಯ ಕಾಯುತ್ತಾನೆಂಬ ನಂಬಿಕೆ. ಎಲ್ಲರಿಗಿಂತ ಮುಂದೆ ಚಿಟ್ಟು. ಅರ್ಧ ದಾರಿಯಲ್ಲಿ ಗಾಳಿ ತಿರುಗಿತು. ಎದುರಿನ ಎತ್ತರದ ಹುಲ್ಲಿನಿಂದಲೇ ಹುಲಿಯ ವಾಸನೆ! ಕಾಯುವುದಿರಲಿ, ಓಡಿಬಂದವರನ್ನು ಹಿಡಿಯಲು ಪಟ್ಟೆರಾಯ ಹೊಂಚು ಹಾಕಿ ಕೂತಿದ್ದ.

ಹೊನ್ನಿ ಕೂಗಲು ಬಾಯಿ ತೆರೆದಳು. ಉಪ್ಪಿನ ಋಣ ಅಡ್ಡ ಬಂತು. ಒಂದೇ ಗಳಿಗೆ. “ಸುಟ್ಟುಹೋಗಲಿ ಆ ಉಪ್ಪು!” ಎಂದುಕೊಂಡು ಎದೆ ಒಡೆಯುವಂತೆ ಕೂಗಿದಳು. ಚಿಟ್ಟು ಗಕ್ಕನೆ ಹೊರಳಿದ. ಹಿಂಡೆಲ್ಲ ಹಳ್ಳದ ಕಡೆ ತಿರುಗಿ ಪಾರಾಯಿತು.

ಹಿಂದೆಯೇ ನುಗ್ಗಿ ಬಂದ ನಾಯಿಗಳಿಗೆ ಸಿಕ್ಕಿದ್ದು ಜಿಂಕೆಯಲ್ಲ, ಹಸಿದ ಪಟ್ಟೆರಾಯ!

“ನನ್ನ ಬಯಲಿಗೆ ಕಾಲಿಡ್ತೀಯಾ?”

“ನಿನ್ನದು ಯಾವಾಗ ಆಯ್ತೋ?”

ಎದ್ದಿತು ನೋಡಿ ರಂಪ. ಕೆಂಚನ ಅರ್ಧ ಕಿವಿ ಹೋಯಿತು. ಪಟ್ಟೆರಾಯನ ಹಿಂಗಾಲು ಸೀಳಿತು. ಇಬ್ಬರೂ ನರಳುತ್ತ ತಮ್ಮ ತಮ್ಮ ಗುಡ್ಡ ಹತ್ತಿದರು.

ಹೊನ್ನಿ ನೆಲ್ಲಿಮರದಡಿಗೆ ಬಂದಳು. “ಮಾವಾ, ನಿಮ್ಮ ಅತ್ತಿಹಣ್ಣು ಹೋಯ್ತಲ್ಲ.”

“ಹೋದರೆ ಹೋಗಲಿ ಬಿಡೇ. ನಾನು ನೆಲ್ಲಿಕಾಯಿ ಹಾಕಿ ಬೆಳೆಸಿದ ಮಗು ಅದು. ನೋಡಿಕೊಂಡು ಸುಮ್ಮನಿರೋಕೆ ಆಗುತ್ತಾ?” ಹೊನ್ನಿಗೆ ಅಳು ಬಂತು. ಮಾವನ ಕಣ್ಣೂ ಒದ್ದೆಯಾಯಿತು.

ಕೆಲವು ದಿನ ಕಳೆದು ಪಟ್ಟೆರಾಯ ಕುಂಟುತ್ತ ಮತ್ತೆ ಬಂದ. “ಉಪ್ಪುಮಣ್ಣು ಹಾಗೇ ಇದೆ, ಹೊನ್ನಮ್ಮಾ.”

ಹೊನ್ನಿ ತಲೆಯೆತ್ತಿ, ಬಯಲಿಗೆಲ್ಲ ಕೇಳುವಂತೆ ಕೂಗಿದಳು. ಮರದ ಮೇಲಿನಿಂದ ಮಾವನೂ ದನಿಗೂಡಿಸಿದ. ಪಟ್ಟೆರಾಯ ಬಂದ ದಾರಿಯಲ್ಲೇ ಹಿಂದಿರುಗಿದ.

ಚಿಟ್ಟುವಿನ ತಲೆಯ ಮೇಲೆ ಟಪ್ಪೆಂದು ಒಂದು ನೆಲ್ಲಿಕಾಯಿ ಬಿತ್ತು.

ನೀತಿ: ಬಲಶಾಲಿಗಳು ಕೊಡುವ ಉಡುಗೊರೆಗೆ ಆಸೆಪಟ್ಟು ನೆರೆಹೊರೆಯ ನಂಟನ್ನು ಬಿಟ್ಟುಕೊಡಬಾರದು, ಕಷ್ಟದಲ್ಲಿ ನಮ್ಮನ್ನು ಉಳಿಸುವುದು ಆ ನಂಟೇ.