ಅವ್ವನ ಮಡಕೆಯ ಗೆರೆ

“ಗುರುಗಳೇ, ಎಷ್ಟು ದೊಡ್ಡ ವ್ರತ ಹಿಡಿದರೆ ಮನಸ್ಸು ಹದಕ್ಕೆ ಬರುತ್ತದೆ?” ಎಂದು ಮುದ್ದಯ್ಯ ಕೇಳಿದ.

ಅವನು ಮಠಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಸೂರ್ಯ ಹುಟ್ಟುವಾಗ ಜಪಕ್ಕೆ ಕೂತರೆ ಮುಳುಗುವವರೆಗೂ ಏಳುವುದಿಲ್ಲ ಎಂದು ಪಣ ತೊಟ್ಟಿದ್ದ. ಅದು ಒಂದು ದಿನವೂ ಪೂರ್ತಿ ನಡೆದಿರಲಿಲ್ಲ.

“ನಿನ್ನೆ ಏನಾಯಿತು?” ಎಂದರು ಗುರುಗಳು.

“ನಿನ್ನೆ ಚೆನ್ನಾಗಿಯೇ ಸಾಗಿತ್ತು. ಮಧ್ಯಾಹ್ನ ಯಾರೋ ಮುದುಕ ಬಾಗಿಲಿಗೆ ಬಂದು ನೀರು ಕೇಳಿದ. ಕೇಳುತ್ತಲೇ ಇದ್ದ. ಗದರಿಸಿ ಕಳಿಸಿದೆ. ಅಷ್ಟರಲ್ಲಿ ಜಪ ಕೆಟ್ಟಿತು. ಚಿಕ್ಕ ವ್ರತ ಹಿಡಿಯಲು ನಾಚಿಕೆ, ದೊಡ್ಡದು ನಿಲ್ಲುತ್ತಿಲ್ಲ. ಹೀಗೇ ಆದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗಿಬಿಡುತ್ತೇನೆ.”

“ಹೋಗುವುದಿದ್ದರೆ ಕತೆ ಕೇಳಿಕೊಂಡು ಹೋಗು. ಹೆಂಡ ಮಾಡಲು ಹೊರಟವನ ಕತೆ. ಮುಖ ಹುಳ್ಳಗೆ ಮಾಡಬೇಡ, ನಿನಗೇನೂ ಕುಡಿಸುತ್ತಿಲ್ಲ.” ಹೀಗೆಂದು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಅವ್ವ ರಾಗಿಯ ಹೆಂಡ ಮಾಡುವುದರಲ್ಲಿ ಹೆಸರಾದವಳು. ಹಿರಿಯರ ಹಬ್ಬ ಬಂದರೆ ಊರಿಗೆ ಊರೇ ಅವಳ ಜಗಲಿಗೆ ಬರುತ್ತಿತ್ತು. ಒಂದು ವರ್ಷ ಅವಳು ತೀರಿಕೊಂಡಳು. ಅದಕ್ಕೆ ಮುಂಚೆ, ಆ ಸಲದ ಹಬ್ಬಕ್ಕೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಇಟ್ಟಿದ್ದಳು. ಅವಳ ಕೈಯ ಕೊನೆಯ ಹಿಟ್ಟು ಅದು.

ಆ ಊರಿನ ಪದ್ಧತಿ ಹೀಗಿತ್ತು. ಸತ್ತವರಿಗೆ ಮೊದಲ ವರ್ಷ ಎಡೆ ಇಡುವ ಹೆಂಡ ಅವರ ಮನೆಯ ಒಲೆಯ ಮೇಲೆಯೇ ಕುದಿದಿರಬೇಕು. ಪಕ್ಕದ ಮನೆಯಿಂದ ತಂದಿಟ್ಟರೆ ಅವರು ಮುಟ್ಟುವುದಿಲ್ಲ, ಬಾಯಾರಿಕೊಂಡೇ ಹಿಂದಿರುಗುತ್ತಾರೆ ಎಂದು ನಂಬುತ್ತಿದ್ದರು. ರೈತನಿಗೆ ಹೆಂಡತಿ ಇರಲಿಲ್ಲ. ಒಲೆಯ ಮುಂದೆ ಅವನೇ ಕೂರಬೇಕಾಯಿತು.

ಹಿಟ್ಟನ್ನು ನೀರಿನಲ್ಲಿ ಕದಡಿ ಚೆನ್ನಾಗಿ ಕುದಿಸಬೇಕು, ಆರಿಸಿ ಬೆಲ್ಲ ಬೆರೆಸಬೇಕು, ಕೆಲವು ದಿನ ಹುದುಗಲು ಬಿಡಬೇಕು. ಇಷ್ಟು ಅವನು ಕೇಳಿ ಬಲ್ಲ. ಎಷ್ಟು ದೊಡ್ಡ ಪಾತ್ರೆಯಲ್ಲಿ ಎಂಬುದು ತಿಳಿಯದು. ಹೆಂಡ ಕುಡಿಯುವಾಗ ಜಗಲಿಯಲ್ಲಿರುತ್ತಿದ್ದ, ಮಾಡುವಾಗ ಹೊಲದಲ್ಲಿರುತ್ತಿದ್ದ. ಗಂಡಸರ ವಿದ್ಯೆ ಬಹಳ ಕಡೆ ಹೀಗೇ.

ಅವ್ವನ ಮಡಕೆ ಅಟ್ಟದ ಮೇಲಿತ್ತು. ಚಿಕ್ಕದು. ಊರಿಗೆಲ್ಲ ಹಂಚಿದವಳಿಗೆ ಇಷ್ಟರಲ್ಲಿ ಎಡೆ ಇಟ್ಟರೆ ಜನ ಏನಂದಾರು ಎಂದುಕೊಂಡು ಕುಂಬಾರನ ಮನೆಗೆ ಹೋದ. ಇರುವುದರಲ್ಲೇ ದೊಡ್ಡ ಗುಡಾಣ ಕೊಡು ಎಂದ.

“ನಿಮ್ಮನೆ ಒಲೆ ಎಷ್ಟಗಲ ಐತಣ್ಣ?” ಎಂದು ಕುಂಬಾರ ಕೇಳಿದ.

“ಒಲೆ ಮನೇಲೈತೆ. ನಾನು ಬಂದಿರೋದು ಮಡಕೆಗೆ” ಎಂದ ರೈತ.

ಗುಡಾಣವನ್ನು ಇಟ್ಟ ಕೂಡಲೇ ಒಲೆಯ ಕಲ್ಲುಗಳೆಲ್ಲ ಅದರ ಹೊಟ್ಟೆಯಡಿ ಮುಚ್ಚಿಹೋದವು. ಬೆಂಕಿಗೆ ಉಸಿರಾಡಲು ದಾರಿ ಉಳಿಯಲಿಲ್ಲ. ದಿನವಿಡೀ ಸೌದೆ ತುರುಕಿದರೂ ಗಂಜಿ ಬೆಚ್ಚಗಾಯಿತೇ ಹೊರತು ಕುದಿಯಲಿಲ್ಲ. ಆ ಅರೆಬೆಂದ ಗಂಜಿ ಹುದುಗುವ ಬದಲು ಕೊಳೆತು ನಾರಿತು. ಅವ್ವನ ಹಿಟ್ಟಿನಲ್ಲಿ ಹೆಚ್ಚಿನ ಪಾಲು ತಿಪ್ಪೆಗೆ ಹೋಯಿತು.

ಹೆದರಿದವನಿಗೆ ಎರಡನೆಯ ತಪ್ಪು ಬೇಗ ಕೈಗೆ ಸಿಗುತ್ತದೆ. ಅವ್ವನ ಮಡಕೆಗಿಂತಲೂ ಪುಟ್ಟ ಗಡಿಗೆಯೊಂದನ್ನು ಹುಡುಕಿ ತಂದ. ಚಿಕ್ಕದಾದರೇನು, ತುಂಬ ಇಟ್ಟರಾಯಿತು ಎಂದು ಕಂಠದವರೆಗೂ ಸುರಿದ. ಈ ಸಲ ಗಂಜಿ ಚೆನ್ನಾಗಿಯೇ ಕುದಿಯಿತು. ಕುದಿದದ್ದು ನೊರೆಯೆದ್ದು ಉಕ್ಕಿತು, ಉಕ್ಕಿದ್ದು ಒಲೆಯನ್ನು ಆರಿಸಿತು. ಗಡಿಗೆಯ ತಳದಲ್ಲಿ ಸೀದ ಹಿಟ್ಟು, ಒಲೆಯ ತುಂಬ ಬೂದಿಯ ಕೆಸರು.

ಹಬ್ಬ ಹತ್ತಿರ ಬಂದಿತ್ತು. ಚೀಲದಲ್ಲಿ ಉಳಿದದ್ದು ಇನ್ನೊಂದು ಸಲಕ್ಕೆ ಸಾಲುವಷ್ಟು ಹಿಟ್ಟು. ಅದೂ ಕೆಟ್ಟರೆ ಅವ್ವ ತನ್ನ ಮನೆಗೆ ಬಂದು ಬಾಯಾರಿ ಹೋಗುತ್ತಾಳೆ. ರೈತ ಒಲೆಯ ಮುಂದೆ ಕೂತು ಅತ್ತ.

ಅತ್ತು ಮುಗಿದ ಮೇಲೆ ಅಟ್ಟ ಹತ್ತಿ ಅವ್ವನ ಮಡಕೆಯನ್ನು ಇಳಿಸಿದ. ಒಲೆಯ ಮೇಲೆ ಇಟ್ಟ. ಕಲ್ಲುಗಳ ಮೇಲೆ ಸರಿಯಾಗಿ ಕೂತಿತು, ಸುತ್ತ ಗಾಳಿಯಾಡಲು ಸಂದು ಉಳಿಯಿತು. ಒಳಗೆ ಇಣುಕಿದ. ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ಕಂದು ಗೆರೆ ಸುತ್ತಲೂ ಹಿಡಿದಿತ್ತು. ವರ್ಷ ವರ್ಷವೂ ಅವಳು ಗಂಜಿ ತುಂಬಿಸಿದ್ದು ಅಲ್ಲಿಯವರೆಗೆ ಮಾತ್ರ. ಅದರ ಮೇಲಿನ ಜಾಗವನ್ನು ಉಕ್ಕುವ ನೊರೆಗೆ ಬಿಟ್ಟಿದ್ದಳು. ರೈತನೂ ಆ ಗೆರೆಯವರೆಗೇ ತುಂಬಿಸಿದ. ನೊರೆ ಕಂಠದವರೆಗೆ ಎದ್ದು, ಮತ್ತೆ ಇಳಿಯಿತು.

ಹಬ್ಬದ ದಿನ ಅವ್ವನಿಗೆ ಎಡೆಯಿಟ್ಟ. ಉಳಿದದ್ದನ್ನು ಹಂಚಿದಾಗ ಊರಿನವರಿಗೆ ಒಂದೊಂದು ಗುಟುಕು ಬಂತು. ಅವನಿಗೆ ತಲೆ ಎತ್ತಲಾಗಲಿಲ್ಲ. “ಅವ್ವ ಇದ್ದಾಗ ಎಲ್ಲರಿಗೂ ಸಾಕಾಗ್ತಿತ್ತು” ಎಂದ.

ಪಕ್ಕದ ಮನೆಯ ಅಜ್ಜಿ ಎಲೆಯ ದೊನ್ನೆಯನ್ನು ಕೆಳಗಿಟ್ಟಳು. “ಅವಳೂ ಇದೇ ಮಡಕೇಲೇ ಮಾಡೋಳು ಕಣಪ್ಪ. ಒಂದು ಸಲದ್ದು ಇಳಿಸಿ, ಇನ್ನೊಂದು ಸಲ ಏರಿಸೋಳು. ನೀನು ಹೊಲದಿಂದ ಬರೋ ಹೊತ್ತಿಗೆ ಎಲ್ಲಾ ಆಗಿರೋದು.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಲೆಕ್ಕ ಸಿಕ್ಕಿತೆಂದು ಮುದ್ದಯ್ಯನಿಗೆ ಸಮಾಧಾನವಾದಂತಿತ್ತು. “ಹಾಗಾದರೆ ನನ್ನ ವ್ರತ ಎಷ್ಟು ದೊಡ್ಡದಿರಲಿ, ಗುರುಗಳೇ? ಗೆರೆ ಎಲ್ಲಿಗೆ ಹಾಕಿಕೊಳ್ಳಲಿ?”

“ನಿನ್ನೆ ಬಂದ ಮುದುಕನಿಗೆ ಎದ್ದು ನೀರು ಕೊಡಲು ಜಾಗ ಉಳಿಯುವಲ್ಲಿಗೆ.”